ಡೆನ್ನಿಸ್ ರಿಚಿ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (ಸೆಪ್ಟೆಂಬರ್ 9, 1941 – ಅಕ್ಟೋಬರ್ 12, 2011) ಅಮೆರಿಕದ ಗಣಕ ವಿಜ್ಞಾನಿ. ಸಿ ಕ್ರಮವಿಧಿ ಭಾಷೆಯನ್ನು ರೂಪಿಸಿದವರು ಹಾಗೂ ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ನಿರ್ಮಿಸಿದವರು. ಕಡತವೆಂದರೆ ಬೈಟ್‌ಗಳ ಒಂದು ಸಾಲು ಮಾತ್ರ, ಅದರ ಒಳರಚನೆಯನ್ನು ವ್ಯವಸ್ಥೆ ವಿಧಿಸಬಾರದು ಎಂಬ ಯುನಿಕ್ಸ್‌ನ ಮೂಲ ವಿಚಾರದಲ್ಲಿ ಇವರ ಪಾಲು ದೊಡ್ಡದು. ಆ ಕಡತ ಎಷ್ಟು ದೊಡ್ಡದಾಗಬಹುದು ಎಂಬ ಪ್ರಶ್ನೆ ಯುನಿಕ್ಸ್‌ನ ಮೊದಲ ವರ್ಷಗಳಿಂದ 2000ದ ದಶಕದವರೆಗೂ ಬಳಕೆದಾರರನ್ನು ಕಾಡಿತು. ಅದಕ್ಕೆ ಕಾರಣಗಳೂ ಪರಿಹಾರಗಳೂ ಬಹುಮಟ್ಟಿಗೆ ರಿಚಿ ಮತ್ತು ಅವರ ಸಹೋದ್ಯೋಗಿಗಳ ಕೆಲಸದಲ್ಲಿಯೇ ಇವೆ.

ಜನನ ಮತ್ತು ಶಿಕ್ಷಣ

ರಿಚಿ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಸ್ವಿಚಿಂಗ್ ಮಂಡಲಗಳ ವಿನ್ಯಾಸವನ್ನು ಕುರಿತ ಒಂದು ಪ್ರಸಿದ್ಧ ಪಠ್ಯಪುಸ್ತಕದ ಸಹಲೇಖಕರು. ಕುಟುಂಬ ನ್ಯೂಜೆರ್ಸಿಯ ಸಮಿಟ್ ಪಟ್ಟಣಕ್ಕೆ ಬಂದು ನೆಲೆಸಿದ್ದರಿಂದ ಡೆನ್ನಿಸ್ ಅಲ್ಲಿನ ಪ್ರೌಢಶಾಲೆಯಲ್ಲಿ ಓದಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಅಲ್ಲಿಯೇ ಅನ್ವಯಿಕ ಗಣಿತದಲ್ಲಿ ಸಂಶೋಧನೆ ಮುಂದುವರಿಸಿದರು.

ಪ್ಯಾಟ್ರಿಕ್ ಫಿಶರ್ ಅವರ ಮಾರ್ಗದರ್ಶನದಲ್ಲಿ ಸಿದ್ಧಪಡಿಸಿದ ಅವರ ಪ್ರಬಂಧ ಕ್ರಮವಿಧಿಗಳ ರಚನೆ ಮತ್ತು ಗಣನೆಯ ಸಂಕೀರ್ಣತೆಯನ್ನು ಕುರಿತದ್ದು; 1968ರ ಹೊತ್ತಿಗೆ ಅದು ಮುಗಿದಿತ್ತು. ಆದರೆ ಗ್ರಂಥಾಲಯಕ್ಕೆ ಸಲ್ಲಿಸಬೇಕಾದ, ಹೊಲಿಗೆ ಹಾಕಿದ ಪ್ರತಿಯನ್ನು ಅವರು ಕೊಡಲೇ ಇಲ್ಲ. ಹೀಗಾಗಿ ಪಿಎಚ್.ಡಿ. ಪದವಿ ಔಪಚಾರಿಕವಾಗಿ ಅವರಿಗೆ ದೊರೆಯಲಿಲ್ಲ. ದೀರ್ಘಕಾಲ ಕಳೆದುಹೋಗಿದೆ ಎಂದೇ ತಿಳಿಯಲಾಗಿದ್ದ ಈ ಪ್ರಬಂಧದ ಪ್ರತಿ 2020ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದ ಮೂಲಕ ಬೆಳಕಿಗೆ ಬಂದಿತು.

ಬೆಲ್ ಪ್ರಯೋಗಾಲಯ ಮತ್ತು ಯುನಿಕ್ಸ್

1967ರಲ್ಲಿ ರಿಚಿ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯ ಸೇರಿದರು. ಆಗ ಬೆಲ್, ಎಂ.ಐ.ಟಿ. ಮತ್ತು ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಳು ಕೂಡಿ ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆಯನ್ನು ಕಟ್ಟುತ್ತಿದ್ದವು. ಕೆಲಸ ನಿರೀಕ್ಷೆಯಂತೆ ಸಾಗದೆ ಹೋದುದರಿಂದ 1969ರಲ್ಲಿ ಬೆಲ್ ಅದರಿಂದ ಹಿಂದೆ ಸರಿಯಿತು. ಅದೇ ವರ್ಷ ಕೆನ್ ಥಾಂಪ್ಸನ್, ರಡ್ ಕೆನಡೇ ಮತ್ತು ರಿಚಿ ಕಪ್ಪುಹಲಗೆಯ ಮೇಲೆ ಚರ್ಚಿಸುತ್ತ ಹೊಸದೊಂದು ಕಡತ ವ್ಯವಸ್ಥೆಯ ರೂಪುರೇಷೆಯನ್ನು ಸಿದ್ಧಪಡಿಸಿದರು. ಥಾಂಪ್ಸನ್ ಅದನ್ನು ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಿಲ್ಲದೆ ಉಳಿದಿದ್ದ ಪಿಡಿಪಿ-7 ಯಂತ್ರದಲ್ಲಿ ಜಾರಿಗೆ ತಂದರು. ಡಿಸ್ಕ್, ಟೇಪ್, ಟರ್ಮಿನಲ್ ಮುಂತಾದ ಸಾಧನಗಳನ್ನೂ ಕಡತಗಳಂತೆಯೇ ತೆರೆದು ಓದುವ ಮತ್ತು ಬರೆಯುವ ಏರ್ಪಾಡು ರಿಚಿ ಅವರ ಕೊಡುಗೆ ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

1970ರಲ್ಲಿ ಪ್ರಯೋಗಾಲಯಕ್ಕೆ ಪಿಡಿಪಿ-11 ಯಂತ್ರ ಬಂದಿತು. ಸಂಸ್ಕಾರಕ ಬೇಸಿಗೆಯ ಕೊನೆಗೆ ತಲುಪಿದರೂ ಡಿಸ್ಕ್ ಬಂದದ್ದು ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಆ ಯಂತ್ರ ಮಾಡಿದ ಮುಖ್ಯ ಕೆಲಸವೆಂದರೆ 6×8 ಮನೆಗಳ ಚದುರಂಗ ಹಲಗೆಯ ಮೇಲೆ ಕುದುರೆ ಎಲ್ಲ ಮನೆಗಳನ್ನೂ ಸುತ್ತಿ ಹೊರಟಲ್ಲಿಗೆ ಮರಳುವ ದಾರಿಗಳನ್ನು ಎಣಿಸುವುದು. ಡಿಸ್ಕ್ ಬಂದ ಮೇಲೆ ಯುನಿಕ್ಸ್ ಆ ಯಂತ್ರಕ್ಕೆ ಸ್ಥಳಾಂತರಗೊಂಡು, ಪ್ರಯೋಗಾಲಯದ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಅದರ ಮೊದಲ ಹೊರಗಿನ ಬಳಕೆದಾರರಾದರು. ಮೊದಲ ಆವೃತ್ತಿಯ ಕೈಪಿಡಿಯಲ್ಲಿರುವ ದಿನಾಂಕ 1971ರ ನವೆಂಬರ್ 3.

ಕಡತದ ಅಳತೆ

ಪೇಟೆಂಟ್ ವಿಭಾಗ ಬಳಸಿದ ಆ ಯಂತ್ರದ ಮೆಮೊರಿ ಒಟ್ಟು 24 ಕಿಲೋಬೈಟ್. ಅದರಲ್ಲಿ 16 ವ್ಯವಸ್ಥೆಗೆ, 8 ಬಳಕೆದಾರರ ಕ್ರಮವಿಧಿಗಳಿಗೆ. ಡಿಸ್ಕ್‌ನಲ್ಲಿ ಹಿಡಿಯುತ್ತಿದ್ದುದು 512 ಕಿಲೋಬೈಟ್. ಒಂದು ಕಡತ 64 ಕಿಲೋಬೈಟ್ ಮೀರುವಂತಿರಲಿಲ್ಲ. ಪಿಡಿಪಿ-11ರ ಪದ 16 ಬಿಟ್ ಉದ್ದದ್ದು. ಒಂದು ಪದದಲ್ಲಿ ಎಣಿಸಬಹುದಾದ ಬೇರೆ ಬೇರೆ ಸಂಖ್ಯೆಗಳು 65,536 ಮಾತ್ರ. ಕಡತದ ಮಿತಿ ಸರಿಯಾಗಿ ಅಷ್ಟೇ ಬೈಟ್‌ಗಳು. ಇಡೀ ಡಿಸ್ಕ್‌ನ ಎಂಟನೆಯ ಒಂದು ಭಾಗವನ್ನು ಒಂದೇ ಕಡತಕ್ಕೆ ಬಿಟ್ಟುಕೊಟ್ಟಿದ್ದ ಈ ಮಿತಿಯನ್ನು ಆ ಕಾಲದ ದೃಷ್ಟಿಯಿಂದ ಜಿಪುಣತನ ಎನ್ನಲಾಗದು.

ಯುನಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಐನೋಡ್ ಎಂಬ ಚಿಕ್ಕ ದಾಖಲೆ ಇರುತ್ತದೆ. ಕಡತದ ಒಡೆಯ, ಅಳತೆ, ಅನುಮತಿಗಳ ಜೊತೆಗೆ ಕಡತದ ಭಾಗಗಳು ಡಿಸ್ಕ್‌ನಲ್ಲಿ ಎಲ್ಲಿವೆ ಎಂಬ ವಿಳಾಸಗಳೂ ಅದರಲ್ಲಿಯೇ. 1974ರ ಜುಲೈನಲ್ಲಿ ರಿಚಿ ಮತ್ತು ಥಾಂಪ್ಸನ್ ಪ್ರಕಟಿಸಿದ ಪ್ರಸಿದ್ಧ ಲೇಖನ ವಿವರಿಸುವಂತೆ ಐನೋಡ್‌ನಲ್ಲಿ ಎಂಟು ವಿಳಾಸಗಳಿಗೆ ಸ್ಥಳವಿತ್ತು. ಒಂದೊಂದು ವಿಳಾಸ 512 ಬೈಟ್‌ಗಳ ಒಂದು ಬ್ಲಾಕ್ ತೋರಿಸಿದರೆ ಕಡತ 4,096 ಬೈಟ್‌ಗಳವರೆಗೆ ಬೆಳೆಯಬಹುದು. ಅದಕ್ಕಿಂತ ದೊಡ್ಡದಾದರೆ ಎಂಟು ವಿಳಾಸಗಳೂ ದತ್ತಾಂಶದ ಬದಲು ವಿಳಾಸಗಳ ಪಟ್ಟಿಯಿರುವ ಬ್ಲಾಕ್‌ಗಳನ್ನು ತೋರಿಸುತ್ತವೆ. ಒಂದು ಪಟ್ಟಿಯಲ್ಲಿ 256 ವಿಳಾಸಗಳು. ಹೀಗೆ ಕಡತದ ಗರಿಷ್ಠ ಅಳತೆ 1,048,576 ಬೈಟ್, ಅಂದರೆ ಒಂದು ಮೆಗಾಬೈಟ್. 1975ರ ಆರನೆಯ ಆವೃತ್ತಿಯಲ್ಲಿ ಎಂಟನೆಯ ವಿಳಾಸವನ್ನು ಪಟ್ಟಿಗಳ ಪಟ್ಟಿಗೆ ಮೀಸಲಿಟ್ಟರು. ಆಗ ಅಡ್ಡಿಯಾದದ್ದು ವಿಳಾಸವಲ್ಲ, ಕಡತದ ಅಳತೆಯನ್ನು ಬರೆದಿಡಲು ಇದ್ದ 24 ಬಿಟ್‌ಗಳ ಸ್ಥಳ. ಹೀಗಾಗಿ ಮಿತಿ 16 ಮೆಗಾಬೈಟ್‌ಗೆ ನಿಂತಿತು.

4,096 ಎಂಬ ಸಂಖ್ಯೆ ಇನ್ನೊಂದೆಡೆಯೂ ಉಳಿಯಿತು. ಡಗ್ಲಸ್ ಮ್ಯಾಕಿಲ್‌ರಾಯ್ ಅವರ ಒತ್ತಾಯದಿಂದ ಥಾಂಪ್ಸನ್ 1973ರಲ್ಲಿ ಪೈಪ್ ಸೌಲಭ್ಯವನ್ನು ಸೇರಿಸಿದರು. ಒಂದು ಕ್ರಮವಿಧಿ ಹೊರಹಾಕಿದ್ದನ್ನು ಇನ್ನೊಂದು ನೇರವಾಗಿ ಓದಿಕೊಳ್ಳಲು ಇದು ನೆರವಾಗುತ್ತದೆ. ಪೈಪ್‌ನ ಒಳಗೆ ಒಂದು ಬಾರಿಗೆ ನಿಲ್ಲಬಹುದಾದ ದತ್ತಾಂಶವನ್ನು 4,096 ಬೈಟ್‌ಗಳಿಗೆ ಸೀಮಿತಗೊಳಿಸಲಾಯಿತು, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಹಿಂದಿರುವ ತಾತ್ಕಾಲಿಕ ಕಡತವು ದೊಡ್ಡ ಕಡತಗಳ ವರ್ಗಕ್ಕೆ ಸೇರಿ ಕೆಲಸ ನಿಧಾನವಾಗುತ್ತಿತ್ತು. ಆದರೆ ಪೈಪ್‌ನ ಮೂಲಕ ಒಟ್ಟು ಎಷ್ಟು ಹರಿಯಬಹುದು ಎಂಬುದಕ್ಕೆ ಮಿತಿಯೇ ಇರಲಿಲ್ಲ. ಮುಂದೆ ಕಡತದ ಮಿತಿಯನ್ನು ದಾಟಲು ಜನ ಹೆಚ್ಚಾಗಿ ನೆಚ್ಚಿಕೊಂಡದ್ದು ಈ ಗುಣವನ್ನೇ.

ಸಿ ಭಾಷೆ ಮತ್ತು ಎಲ್‌ಸೀಕ್

ಪಿಡಿಪಿ-7ರಲ್ಲಿ ಥಾಂಪ್ಸನ್ ರೂಪಿಸಿದ ಬಿ ಭಾಷೆಗೆ ದತ್ತಾಂಶದ ಬಗೆಗಳೆಂಬುದೇ ಇರಲಿಲ್ಲ. ಎಲ್ಲವೂ ಯಂತ್ರದ ಒಂದೊಂದು ಪದ. ಪಿಡಿಪಿ-11 ಬೈಟ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಯಂತ್ರವಾದುದರಿಂದ ಆ ಭಾಷೆ ಅದಕ್ಕೆ ಹೊಂದಲಿಲ್ಲ. ರಿಚಿ ಅಕ್ಷರ, ಪೂರ್ಣಾಂಕ ಮುಂತಾದ ಬಗೆಗಳನ್ನು ಸೇರಿಸಿ ಭಾಷೆಯನ್ನು ಬೆಳೆಸಿದರು. 1972ರ ವೇಳೆಗೆ ಅದು ಸಿ ಎನಿಸಿತು. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಮರುಬರೆಯಲಾಯಿತು. ಕಾರ್ಯಾಚರಣಾ ವ್ಯವಸ್ಥೆಯನ್ನು ಯಂತ್ರಭಾಷೆಗೆ ಹತ್ತಿರವಾದ ಅಸೆಂಬ್ಲಿಯಲ್ಲಿಯೇ ಬರೆಯುವುದು ಆಗಿನ ರೂಢಿಯಾಗಿತ್ತು.

ಸಿ ಭಾಷೆಯ ಆರಂಭದ ಪೂರ್ಣಾಂಕ 16 ಬಿಟ್‌ಗಳದ್ದು. ಕಡತ ಮೆಗಾಬೈಟ್‌ಗೆ ಬೆಳೆದಾಗ ಅದರೊಳಗಿನ ಸ್ಥಾನವನ್ನು ಸೂಚಿಸಲು ಈ ಸಂಖ್ಯೆ ಸಾಲದಾಯಿತು. ಕಡತದ ನಡುವೆ ಬೇಕಾದ ಕಡೆಗೆ ಸರಿಯಲು ಸೀಕ್ ಎಂಬ ಕರೆಯಿತ್ತು. ಸ್ಥಾನವನ್ನು ಬೈಟ್‌ಗಳಲ್ಲಿ ಹೇಳುವ ಬದಲು 512 ಬೈಟ್‌ಗಳ ಬ್ಲಾಕ್‌ಗಳಲ್ಲಿ ಹೇಳುವ ಪರ್ಯಾಯ ಕ್ರಮವನ್ನು ಅದಕ್ಕೆ ಸೇರಿಸಲಾಯಿತು. ದೂರದ ಬೈಟ್‌ವೊಂದನ್ನು ಮುಟ್ಟಬೇಕಾದವರು ಮೊದಲು ಬ್ಲಾಕ್‌ಗಳ ಲೆಕ್ಕದಲ್ಲಿ ಒಮ್ಮೆ, ಉಳಿದ ಬೈಟ್‌ಗಳ ಲೆಕ್ಕದಲ್ಲಿ ಇನ್ನೊಮ್ಮೆ ಸರಿಯಬೇಕಿತ್ತು. ಹಳೆಯ ಯುನಿಕ್ಸ್‌ನಲ್ಲಿ ಕಡತದ ಅಳತೆಯನ್ನು ಸುತ್ತುದಾರಿಯಿಂದ ದಾಟಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು, ಮತ್ತು ಇದನ್ನು ಒದಗಿಸಿದವರು ವ್ಯವಸ್ಥೆಯ ಕರ್ತೃಗಳೇ.

ಮುಂದೆ ಸಿ ಭಾಷೆಗೆ 32 ಬಿಟ್‌ಗಳ ಲಾಂಗ್ ಎಂಬ ಬಗೆ ಸೇರಿತು. 1979ರ ಏಳನೆಯ ಆವೃತ್ತಿಯಲ್ಲಿ ಸೀಕ್‌ನ ಜಾಗಕ್ಕೆ ಎಲ್‌ಸೀಕ್ ಬಂದಿತು. ಹೆಸರಿನ ಮೊದಲ ಅಕ್ಷರ ಲಾಂಗ್ ಎಂಬುದನ್ನು ಸೂಚಿಸುತ್ತದೆ. ಐನೋಡ್‌ನಲ್ಲಿ ಈಗ 13 ವಿಳಾಸಗಳು: ಹತ್ತು ನೇರ, ಉಳಿದ ಮೂರು ಕ್ರಮವಾಗಿ ಒಂದು, ಎರಡು ಮತ್ತು ಮೂರು ಹಂತದ ಪಟ್ಟಿಗಳಿಗೆ. ಇದರಿಂದ ಒಂದು ಕಡತ 1,082,201,088 ಬೈಟ್‌ಗಳವರೆಗೆ, ಅಂದರೆ ಒಂದು ಗಿಗಾಬೈಟ್‌ಗೂ ಸ್ವಲ್ಪ ಹೆಚ್ಚಾಗಿ ಬೆಳೆಯಬಹುದಾಯಿತು. ಅಷ್ಟು ದೊಡ್ಡ ಡಿಸ್ಕ್ ಆಗಿನ ಯಾವ ಪಿಡಿಪಿ-11 ಬಳಕೆದಾರನ ಬಳಿಯೂ ಇದ್ದಿರಲಾರದು.

ರಿಚಿ ಮತ್ತು ಬ್ರಯಾನ್ ಕರ್ನಿಗನ್ ಸೇರಿ ಬರೆದ ಸಿ ಭಾಷೆಯ ಪಠ್ಯಪುಸ್ತಕ 1978ರಲ್ಲಿ ಪ್ರಕಟವಾಯಿತು. ಭಾಷೆಗೆ ಔಪಚಾರಿಕ ಮಾನಕ ಬರುವವರೆಗೆ ಈ ಪುಸ್ತಕವೇ ಮಾನಕದಂತೆ ಬಳಕೆಯಾಯಿತು. 1989ರ ಅಮೆರಿಕನ್ ಮಾನಕದಲ್ಲಿ ಕಡತದೊಳಗಿನ ಸ್ಥಾನವನ್ನು ಸೂಚಿಸುವ ಎಫ್‌ಸೀಕ್ ಮತ್ತು ಎಫ್‌ಟೆಲ್ ಕಾರ್ಯಗಳು ಲಾಂಗ್ ಬಗೆಗೇ ಅಂಟಿಕೊಂಡವು. ಇನ್ನೂ ದೊಡ್ಡ ಕಡತಗಳಿಗೆಂದು ಎಫ್‌ಗೆಟ್‌ಪಾಸ್ ಮತ್ತು ಎಫ್‌ಸೆಟ್‌ಪಾಸ್ ಎಂಬ ಬೇರೆ ಜೋಡಿಯನ್ನು ಮಾನಕ ಒದಗಿಸಿತಾದರೂ ಕ್ರಮವಿಧಿಕಾರರು ರೂಢಿಯಲ್ಲಿದ್ದುದನ್ನೇ ಮುಂದುವರಿಸಿದರು.

ಎರಡು ಗಿಗಾಬೈಟ್ ಮಿತಿ

32 ಬಿಟ್‌ಗಳಲ್ಲಿ ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋಗುತ್ತದೆ. ಹಿಂದಕ್ಕೆ ಸರಿಯುವುದನ್ನು ಋಣ ಸಂಖ್ಯೆಯಿಂದಲೇ ಹೇಳಬೇಕಾದ್ದರಿಂದ ಮತ್ತು ಎಲ್‌ಸೀಕ್ ವಿಫಲವಾದಾಗ −1 ಎಂಬ ಉತ್ತರವನ್ನು ಕೊಡುವುದರಿಂದ ಚಿಹ್ನೆಯನ್ನು ಬಿಡುವಂತಿರಲಿಲ್ಲ. ಉಳಿದ 31 ಬಿಟ್‌ಗಳಲ್ಲಿ ಎಣಿಸಬಹುದಾದ ಅತಿ ದೊಡ್ಡ ಸಂಖ್ಯೆ 2,147,483,647. 1990ರ ದಶಕದಲ್ಲಿ ಡಿಸ್ಕ್‌ಗಳು ಅಗ್ಗವಾಗಿ ದತ್ತಸಂಚಯಗಳು ಬೆಳೆದಾಗ 32 ಬಿಟ್ ಯುನಿಕ್ಸ್‌ಗಳಲ್ಲಿ ಕಡತಗಳು ಈ ಎರಡು ಗಿಗಾಬೈಟ್ ಅಂಚಿಗೆ ಬಂದು ನಿಲ್ಲತೊಡಗಿದವು. ರಾತ್ರಿಯ ನಕಲು ನಡುವೆ ನಿಂತುಹೋಗಿ, ಬೆಳಿಗ್ಗೆ ನೋಡಿದರೆ ಅರ್ಧ ಕಡತ ಮಾತ್ರ ಉಳಿದಿರುವುದು ವ್ಯವಸ್ಥಾಪಕರು ಅಂಜುತ್ತಿದ್ದ ಸಂಗತಿ. ದಿನದಿನಕ್ಕೆ ಬೆಳೆಯುವ ಲಾಗ್ ಕಡತ ಅಂಚು ಮುಟ್ಟಿದಾಗ ಅದಕ್ಕೆ ಬರೆಯುತ್ತಿದ್ದ ಸೇವೆಯೇ ನಿಲ್ಲುವುದೂ ಉಂಟು.

ಇದರ ಜೊತೆ ಬೆರೆಸಿ ನೋಡಬಾರದ ಇನ್ನೊಂದು ಮಿತಿಯಿದೆ. ಯುಲಿಮಿಟ್ ಎಂಬ ಆದೇಶದಿಂದ ವ್ಯವಸ್ಥಾಪಕರು ಒಬ್ಬ ಬಳಕೆದಾರ ಬರೆಯಬಹುದಾದ ಕಡತದ ಅಳತೆಯನ್ನು ಕಡಿಮೆ ಮಾಡಿಡಬಹುದು. ಇದು ಆಡಳಿತದ ನಿರ್ಧಾರ. ವ್ಯವಸ್ಥಾಪಕರು ಬದಲಿಸಿದರೆ ಹೋಗುತ್ತದೆ. ಎರಡು ಗಿಗಾಬೈಟ್ ಮಿತಿಯಾದರೋ ಸಂಖ್ಯೆಯ ಅಗಲದಲ್ಲಿಯೇ ಇದ್ದದ್ದು.

ಸುತ್ತುದಾರಿಗಳು ಹಲವು. 1973ರ ಮೂರನೆಯ ಆವೃತ್ತಿಯಿಂದ ಇರುವ ಸ್ಪ್ಲಿಟ್ ಆದೇಶ ಕಡತವನ್ನು ತುಂಡು ಮಾಡಿ ಎಕ್ಸ್‌ಎಎ, ಎಕ್ಸ್‌ಎಬಿ ಎಂಬ ಕ್ರಮದಲ್ಲಿ ಹೆಸರಿಡುತ್ತದೆ. ಮೊದಲಿಗೆ ಅದು ಸಾಲುಗಳನ್ನು ಎಣಿಸಿ ಮಾತ್ರ ತುಂಡರಿಸುತ್ತಿತ್ತು. ಬೈಟ್‌ಗಳ ಲೆಕ್ಕ ಆಮೇಲೆ ಬಂದಿತು. ಕ್ಯಾಟ್ ಆದೇಶ ಆ ತುಂಡುಗಳನ್ನು ಅದೇ ಕ್ರಮದಲ್ಲಿ ಮತ್ತೆ ಜೋಡಿಸುತ್ತದೆ. ಕಡತವೆಂದರೆ ಬೈಟ್‌ಗಳ ಸಾಲು ಮಾತ್ರವಾದುದರಿಂದ ಎಲ್ಲಿ ಕತ್ತರಿಸಿದರೂ ಮರುಜೋಡಣೆಯಲ್ಲಿ ಒಂದು ಬೈಟ್ ಕೂಡ ವ್ಯತ್ಯಾಸವಾಗುವುದಿಲ್ಲ. ದಾಖಲೆಗಳ ಉದ್ದ ಮತ್ತು ರಚನೆಯನ್ನು ವ್ಯವಸ್ಥೆಯೇ ನಿಗದಿಪಡಿಸುತ್ತಿದ್ದ ಆ ಕಾಲದ ಬೇರೆ ವ್ಯವಸ್ಥೆಗಳಲ್ಲಿ ಇದು ಇಷ್ಟು ಸರಳವಿರಲಿಲ್ಲ.

ದತ್ತಸಂಚಯವನ್ನು ಹೊರತೆಗೆಯುವಾಗ ಪೂರ್ಣ ಕಡತ ಡಿಸ್ಕ್‌ನಲ್ಲಿ ಎಲ್ಲಿಯೂ ಇಡಿಯಾಗಿ ಇರದಂತೆ ನೋಡಿಕೊಳ್ಳುವುದು ಇನ್ನೊಂದು ವಿಧಾನ. ಮೊದಲು ಹೆಸರುಳ್ಳ ಪೈಪ್ ಒಂದನ್ನು ಸೃಷ್ಟಿಸುತ್ತಾರೆ. ದತ್ತಸಂಚಯದ ತಂತ್ರಾಂಶ ಅದನ್ನು ಸಾಮಾನ್ಯ ಕಡತವೆಂದೇ ತಿಳಿದು ಅದಕ್ಕೆ ಬರೆಯುತ್ತದೆ. ಇನ್ನೊಂದು ತುದಿಯಲ್ಲಿ ಕಂಪ್ರೆಸ್ ಅಥವಾ ಜಿಜಿಪ್ ಅದನ್ನು ಕುಗ್ಗಿಸುತ್ತದೆ, ಅದರ ಮುಂದಿನ ಸ್ಪ್ಲಿಟ್ ಆದೇಶ ಎರಡು ಗಿಗಾಬೈಟ್‌ಗಿಂತ ಚಿಕ್ಕ ತುಂಡುಗಳನ್ನು ಮಾಡಿ ಇಡುತ್ತದೆ. ಮರಳಿ ತುಂಬುವಾಗ ಇದೇ ಸರಪಳಿ ಹಿಂದುಮುಂದಾಗುತ್ತದೆ. ತುಂಡುಗಳಲ್ಲಿ ಒಂದು ಕಳೆದುಹೋದರೆ ಅದರಾಚೆಗಿನ ಎಲ್ಲವೂ ವ್ಯರ್ಥವಾಗಬಹುದಾದ್ದರಿಂದ ಮರಳಿ ತುಂಬಿ ಪರೀಕ್ಷಿಸದ ನಕಲನ್ನು ಅನುಭವಿಗಳು ನಂಬುತ್ತಿರಲಿಲ್ಲ. ಜಿಜಿಪ್ ಮೂಲ ಅಳತೆಯನ್ನು 32 ಬಿಟ್‌ಗಳಲ್ಲಿಯೇ ಬರೆದಿಡುವುದರಿಂದ ನಾಲ್ಕು ಗಿಗಾಬೈಟ್ ಮೀರಿದ ಕಡತಗಳಿಗೆ ಅದರ ಪಟ್ಟಿ ತಪ್ಪು ಅಳತೆ ತೋರಿಸುತ್ತಿತ್ತು. ದತ್ತಾಂಶ ಮಾತ್ರ ಸರಿಯಾಗಿರುತ್ತಿತ್ತು. ಟಾರ್ ಸಂಗ್ರಹಗಳ ಹಳೆಯ ಶಿರೋಲೇಖದಲ್ಲಿ ಒಂದು ಕಡತದ ಅಳತೆಗೆ ಅಷ್ಟಮಾನ ಪದ್ಧತಿಯ 11 ಅಂಕೆಗಳ ಸ್ಥಳವಿತ್ತು; ಅಲ್ಲಿ ಮಿತಿ ಎಂಟು ಗಿಗಾಬೈಟ್.

ದತ್ತಸಂಚಯ ತಂತ್ರಾಂಶಗಳು ಒಂದೇ ಕೋಷ್ಟಕವನ್ನು ಹಲವು ಕಡತಗಳಿಗೆ ಹಂಚುತ್ತಿದ್ದವು, ಇಲ್ಲವೇ ಕಡತ ವ್ಯವಸ್ಥೆಯನ್ನೇ ಬಿಟ್ಟು ಡಿಸ್ಕ್‌ನ ವಿಭಾಗಕ್ಕೆ ನೇರವಾಗಿ ಬರೆಯುತ್ತಿದ್ದವು. ಸಾಧನವನ್ನು ಕಡತದಂತೆ ಕಾಣುವ ರಿಚಿ ಅವರ ಏರ್ಪಾಡಿನಿಂದಲೇ ಈ ಎರಡನೆಯ ದಾರಿ ಸಾಧ್ಯವಾಯಿತು.

1990ರ ದಶಕದ ನಡುವಿನಲ್ಲಿ ಯುನಿಕ್ಸ್ ತಯಾರಕರು ಒಟ್ಟುಗೂಡಿ ದೊಡ್ಡ ಕಡತಗಳಿಗೆ 64 ಬಿಟ್ ಸ್ಥಾನಸೂಚಕವನ್ನು ಒಪ್ಪಿಕೊಂಡರು. ಹಳೆಯ ಕ್ರಮವಿಧಿಗಳು ಮುರಿಯಬಾರದೆಂದು ಹಳೆಯ ಕರೆಗಳನ್ನು ಹಾಗೆಯೇ ಉಳಿಸಿ, ಹೊಸವನ್ನು ಪಕ್ಕದಲ್ಲಿ ಸೇರಿಸಲಾಯಿತು. ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್‌ನ ಮೂರನೆಯ ಆವೃತ್ತಿಯೂ 1995ರಲ್ಲಿ 64 ಬಿಟ್‌ಗೆ ಬದಲಾಯಿತು. ಲಿನಕ್ಸ್‌ನಲ್ಲಿ 32 ಬಿಟ್ ಯಂತ್ರಗಳಿಗೆ ಈ ಸೌಲಭ್ಯ 2001ರ 2.4 ಆವೃತ್ತಿಯೊಡನೆ ವ್ಯಾಪಕವಾಗಿ ದೊರೆಯಿತು. ಆದರೂ ತೊಂದರೆ ತಕ್ಷಣ ಮುಗಿಯಲಿಲ್ಲ. ಕಡತ ವ್ಯವಸ್ಥೆ, ತಿರುಳು, ಗ್ರಂಥಾಲಯ ಮತ್ತು ಕ್ರಮವಿಧಿ ನಾಲ್ಕೂ ಸಿದ್ಧವಾಗಿದ್ದರೂ, ಫಲಿತಾಂಶವನ್ನು ಕಡತಕ್ಕೆ ತಿರುಗಿಸುವ ಶೆಲ್ ಹಳೆಯದಾಗಿದ್ದರೆ ಬರಹ ಎರಡು ಗಿಗಾಬೈಟ್‌ಗೆ ನಿಲ್ಲಬಹುದಿತ್ತು.

ಭಾರತದಲ್ಲಿ

ಭಾರತದ ಬ್ಯಾಂಕುಗಳ ಶಾಖೆಗಳು 1980ರ ದಶಕದ ಕೊನೆಯಿಂದ ಗಣಕೀಕರಣಗೊಂಡಾಗ ಯುನಿಕ್ಸ್ ಮತ್ತು ಅದರ ಪ್ರಭೇದಗಳು ವ್ಯಾಪಕವಾಗಿ ಬಳಕೆಯಾದವು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದಾಗ ಅಗ್ಗದ ಶೆಲ್ ಖಾತೆದಾರರು ದೂರವಾಣಿಯ ಮೂಲಕ ತಲುಪುತ್ತಿದ್ದುದು ಒಂದು ಯುನಿಕ್ಸ್ ಯಂತ್ರವನ್ನೇ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ರಿಚಿ ಅವರ ಹೆಸರು ಹೆಚ್ಚಾಗಿ ಪರಿಚಯವಾದದ್ದು ಸಿ ಭಾಷೆಯ ಪಾಠದಿಂದ.

ಕನ್ನಡ ಬರಹಕ್ಕೆ ಇನ್ನೊಂದು ನಂಟಿದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಬೆಲ್ ಪ್ರಯೋಗಾಲಯದ ಪ್ಲಾನ್ 9 ವ್ಯವಸ್ಥೆಗಾಗಿ ಯುಟಿಎಫ್-8 ಎಂಬ ಸಂಕೇತ ಕ್ರಮವನ್ನು ರೂಪಿಸಿದರು. ಇಂದಿನ ಕನ್ನಡ ಜಾಲತಾಣಗಳೆಲ್ಲ ಬಹುತೇಕ ಅದನ್ನೇ ಬಳಸುತ್ತವೆ. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಾರವಾರ ತಾಲ್ಲೂಕಿನಲ್ಲಿ ಕಾಳಿ ನದಿಯ ಅಣೆಕಟ್ಟಿರುವ ಕದ್ರಾ ಎಂಬ ಊರಿನ ಹೆಸರನ್ನೇ ತೆಗೆದುಕೊಂಡರೆ ಕ, ದ, ವಿರಾಮ ಚಿಹ್ನೆ, ರ, ದೀರ್ಘ ಎಂಬ ಐದು ಸಂಕೇತಗಳಿಗೆ 15 ಬೈಟ್. ಪೇಟೆಂಟ್ ವಿಭಾಗದ ಯಂತ್ರದ 64 ಕಿಲೋಬೈಟ್ ಕಡತದಲ್ಲಿ ಆ ಹೆಸರನ್ನು ಬಿಡುವಿಲ್ಲದೆ 4,369 ಬಾರಿ ಬರೆಯಬಹುದಿತ್ತು.

ನಂತರದ ವರ್ಷಗಳು

ರಿಚಿ ತಮ್ಮ ವೃತ್ತಿಜೀವನವಿಡೀ ಬೆಲ್ ಪ್ರಯೋಗಾಲಯದಲ್ಲಿಯೇ ಇದ್ದರು. 1977ರಲ್ಲಿ ಸ್ಟೀಫನ್ ಜಾನ್ಸನ್ ಅವರೊಡನೆ ಯುನಿಕ್ಸ್ ಅನ್ನು ಇಂಟರ್‌ಡೇಟಾ 8/32 ಎಂಬ ಬೇರೆ ಬಗೆಯ ಯಂತ್ರಕ್ಕೆ ಸಾಗಿಸಿ, ವ್ಯವಸ್ಥೆಯೊಂದು ಯಂತ್ರದಿಂದ ಯಂತ್ರಕ್ಕೆ ಹೋಗಬಲ್ಲದೆಂದು ತೋರಿಸಿದರು. ಒಬ್ಬ ಬಳಕೆದಾರನ ಕ್ರಮವಿಧಿ ಇನ್ನೊಬ್ಬನ ಅಧಿಕಾರದಲ್ಲಿ ನಡೆಯಲು ಅವಕಾಶ ಕೊಡುವ ವಿಧಾನಕ್ಕೆ 1979ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅವರು ನೇತೃತ್ವ ವಹಿಸಿದ ವಿಭಾಗದಿಂದ ಪ್ಲಾನ್ 9 ಮತ್ತು ಇನ್‌ಫರ್ನೋ ವ್ಯವಸ್ಥೆಗಳು ಹೊರಬಂದವು. ಪ್ಲಾನ್ 9ರ ಕಡತ ನಿಯಮಾವಳಿಯಲ್ಲಿ ಸ್ಥಾನಸೂಚಕಕ್ಕೆ ಮೊದಲಿಗೇ 64 ಬಿಟ್ ಕೊಟ್ಟಿದ್ದು ಗಮನಾರ್ಹ. 2007ರಲ್ಲಿ ಅವರು ನಿವೃತ್ತರಾದರು.

ಥಾಂಪ್ಸನ್ ಅವರೊಡನೆ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1990ರಲ್ಲಿ ಹ್ಯಾಮಿಂಗ್ ಪದಕ, 1998ನೆಯ ಸಾಲಿನ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಮತ್ತು 2011ರಲ್ಲಿ ಜಪಾನ್ ಪ್ರಶಸ್ತಿ ಅವರಿಗೆ ಸಂದವು.

ನಿಧನ

2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ, ಒಬ್ಬರೇ ವಾಸಿಸುತ್ತಿದ್ದ ರಿಚಿ ಮೃತಪಟ್ಟಿರುವುದು ತಿಳಿದುಬಂತು. ಅವರಿಗೆ 70 ವರ್ಷ ವಯಸ್ಸಾಗಿತ್ತು. ಸುದ್ದಿಯನ್ನು ಮೊದಲು ಹೊರಗೆ ತಿಳಿಸಿದವರು ಹಳೆಯ ಸಹೋದ್ಯೋಗಿ ರಾಬ್ ಪೈಕ್. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರಿಂದ ರಿಚಿ ಅವರ ನಿಧನಕ್ಕೆ ಮಾಧ್ಯಮಗಳಲ್ಲಿ ಅಷ್ಟು ಸ್ಥಳ ಸಿಗಲಿಲ್ಲ. ಜಾಬ್ಸ್ ಅವರ ಕಂಪನಿಯ ದೂರವಾಣಿ ಮತ್ತು ಗಣಕಗಳ ಕಾರ್ಯಾಚರಣಾ ವ್ಯವಸ್ಥೆಯ ತಳದಲ್ಲಿರುವುದೂ ಯುನಿಕ್ಸ್ ವಂಶದ ವ್ಯವಸ್ಥೆಯೇ. ಅದೇ ವರ್ಷದ ನವೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ ವಿತರಣೆ ಫೆಡೋರಾ 16 ಅನ್ನು ಅವರ ನೆನಪಿಗೆ ಅರ್ಪಿಸಲಾಯಿತು.